ಇಲ್ಲದ ಒತ್ತಕ್ಷರ: ಒಂದು ಪ್ರೊಗ್ರೆಸಿವ್ ಕನ್ನಡಕದ ಪ್ರಕರಣ

ನಾನು ಪ್ರೊಗ್ರೆಸಿವ್ ಕನ್ನಡಕ ಕೊಟ್ಟಿದ್ದ ಒಬ್ಬರು ಹನ್ನೊಂದನೇ ದಿನ ಫೋನ್ ಮಾಡಿ ಹೇಳಿದ ಮಾತು ನನ್ನ ಟಿಪ್ಪಣಿಯಲ್ಲಿ ಹಾಗೇ ಇದೆ: "ಎಲ್ಲಾ ಅಕ್ಷರಕ್ಕೂ ಒತ್ತು ಬಂದಿರೋ ಹಾಗೆ ಕಾಣುತ್ತೆ ಮೇಡಂ." ಅದರ ಕೆಳಗೆ ನನ್ನ ಉತ್ತರವೂ ಇದೆ: "ಇನ್ನೊಂದು ವಾರ ಹಾಕ್ಕೊಂಡು ನೋಡಿ, ರೂಢಿ ಆಗುತ್ತೆ." ಕಾಯಿಲೆ ಏನೆಂದು ಅವರು ಒಂದೇ ವಾಕ್ಯದಲ್ಲಿ ಹೇಳಿಬಿಟ್ಟಿದ್ದರು. ಅದನ್ನು ಅರ್ಥ ಮಾಡಿಕೊಳ್ಳಲು ನನಗೆ ಇನ್ನೂ ಎರಡೂವರೆ ವಾರ ಬೇಕಾಯಿತು. ಕನ್ನಡಕ ಹಾಕುವವರಿಗೂ ಕನ್ನಡಕ ಕೊಡುವ ನನ್ನಂಥ ಆಪ್ಟೊಮೆಟ್ರಿಸ್ಟರಿಗೂ ಉಪಯೋಗವಾಗಲಿ ಎಂದು ಈ ಪ್ರಕರಣವನ್ನು ಮೊದಲಿಂದ ಬರೆಯುತ್ತಿದ್ದೇನೆ. ಗುರುತು ಸಿಗಬಹುದಾದ ವಿವರಗಳನ್ನು ಬಿಟ್ಟಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.

ಹಿನ್ನೆಲೆ

ಅವರಿಗೆ ಆಗ 54 ವರ್ಷ. ಪುಸ್ತಕಗಳ ಪ್ರೂಫ್ ನೋಡುವುದು ಅವರ ಕೆಲಸ. ಮೇಜಿನ ಮೇಲೆ ಅಚ್ಚಾದ ಹಾಳೆ, ಎದುರಿಗೆ ಕಂಪ್ಯೂಟರ್ ಪರದೆ, ಎರಡರ ನಡುವೆ ದಿನವಿಡೀ ಕಣ್ಣಿನ ಓಡಾಟ. ಹೈಸ್ಕೂಲಿನಿಂದಲೂ ಮೈನಸ್ ನಂಬರಿನ ಕನ್ನಡಕ. ಬಲಗಣ್ಣಿಗೆ ಮೈನಸ್ 1.25, ಎಡಗಣ್ಣಿಗೆ ಮೈನಸ್ 3.00.

ಎರಡು ಕಣ್ಣಿನ ನಂಬರಿನ ನಡುವೆ ಇರುವ ಈ 1.75 ವ್ಯತ್ಯಾಸವನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಮುಂದಿನದೆಲ್ಲ ನಡೆಯುವುದು ಅದರ ಸುತ್ತಲೇ.

ನಲವತ್ತು ದಾಟಿದ ಮೇಲೆ ಎಲ್ಲರಿಗೂ ಚಾಳೀಸು ಬರುತ್ತದೆ. ಕಣ್ಣೊಳಗಿನ ಮಸೂರ ಚಿಕ್ಕಂದಿನಲ್ಲಿ ಮೆತ್ತಗಿದ್ದು, ಹತ್ತಿರದ್ದನ್ನು ನೋಡುವಾಗ ಉಬ್ಬಿ ತನ್ನ ಶಕ್ತಿ ಹೆಚ್ಚಿಸಿಕೊಳ್ಳುತ್ತದೆ. ವಯಸ್ಸಾದಂತೆ ಅದು ಬಿರುಸಾಗುತ್ತದೆ. 40 ಸೆಂಟಿಮೀಟರ್ ದೂರದ ಪುಟ ಸ್ಪಷ್ಟವಾಗಲು 2.50 ಡಯಾಪ್ಟರ್ (ಕನ್ನಡಕದ ನಂಬರನ್ನು ಅಳೆಯುವ ಏಕಮಾನ) ಶಕ್ತಿ ಬೇಕು. ಐವತ್ತರ ನಡುವಿನಲ್ಲಿ ಅಷ್ಟು ಶಕ್ತಿ ಸಾಮಾನ್ಯವಾಗಿ ಉಳಿದಿರುವುದಿಲ್ಲ. ಉಳಿದಿದ್ದರೂ ಇರುವುದನ್ನೆಲ್ಲ ದಿನಪೂರ್ತಿ ಖರ್ಚು ಮಾಡಿ ಯಾರೂ ಕೆಲಸ ಮಾಡಲಾರರು. ಆ ಕೊರತೆಯನ್ನು ಕನ್ನಡಕ ತುಂಬಬೇಕು.

ಇವರು ಮಾತ್ರ 54ರವರೆಗೂ ಓದುವ ನಂಬರ್ ಇಲ್ಲದೆ ಕಾಲ ಹಾಕಿದ್ದರು. ಓದುವಾಗ ಕನ್ನಡಕ ತೆಗೆದು ಪಕ್ಕಕ್ಕಿಡುವುದು, ಯಾರಾದರೂ ಮಾತಾಡಿಸಿದರೆ ಹಾಕಿಕೊಳ್ಳುವುದು. ಐವತ್ತರ ಸುಮಾರಿಗೆ ಒಂದು ತಿಂಗಳು ಬೈಫೋಕಲ್ (ಮೇಲೆ ದೂರಕ್ಕೆ, ಕೆಳಗೆ ಓದಲು, ನಡುವೆ ಗೆರೆಯಿರುವ ಗಾಜು) ಹಾಕಿದ್ದರಂತೆ. ಗಾಜಿನ ಗೆರೆ ದಾಟುವಾಗ ಸಾಲು ಗಕ್ಕನೆ ಹಾರುತ್ತಿತ್ತು. ಪರದೆಯ ದೂರಕ್ಕೆ ಆ ಗಾಜಿನ ಮೇಲೂ ಸರಿಯಿಲ್ಲ, ಕೆಳಗೂ ಸರಿಯಿಲ್ಲ. ಪೆಟ್ಟಿಗೆಗೆ ಹಾಕಿ ಇಟ್ಟುಬಿಟ್ಟಿದ್ದರು.

ನನ್ನ ಬಳಿ ಬಂದಾಗ ಕೇಳಿದ್ದು ಒಂದೇ. "ತೆಗೆಯೋದು ಹಾಕೋದು ಸಾಕಾಗಿದೆ. ಎಲ್ಲದಕ್ಕೂ ಒಂದೇ ಕನ್ನಡಕ ಮಾಡಿಕೊಡಿ."

ಆಗಲೇ ಕೇಳಬೇಕಾಗಿದ್ದ ಪ್ರಶ್ನೆಯೊಂದಿತ್ತು: ಕನ್ನಡಕವಿಲ್ಲದೆ ಇಷ್ಟು ವರ್ಷ ಹೇಗೆ ಓದುತ್ತಿದ್ದರು? ನೂರನ್ನು ನಂಬರಿನಿಂದ ಭಾಗಿಸಿದರೆ ಬರಿಗಣ್ಣು ಎಷ್ಟು ಸೆಂಟಿಮೀಟರ್‌ವರೆಗೆ ಸ್ಪಷ್ಟವಾಗಿ ನೋಡುತ್ತದೆ ಎಂಬುದು ಸಿಗುತ್ತದೆ. ಬಲಗಣ್ಣಿಗೆ 80, ಎಡಗಣ್ಣಿಗೆ 33. ಎಂದರೆ ಪರದೆಯನ್ನು ಬಲಗಣ್ಣು ನೋಡುತ್ತಿತ್ತು, ಹಾಳೆಯನ್ನು ಎಡಗಣ್ಣು ಓದುತ್ತಿತ್ತು. ಎರಡೂ ಕಣ್ಣು ಕೆಲಸ ಹಂಚಿಕೊಂಡು ಎಷ್ಟೋ ವರ್ಷಗಳಿಂದ ಹೊಂದಿಕೊಂಡಿದ್ದವು. ಇದು ಅವರಿಗೆ ಗೊತ್ತಿರಲಿಲ್ಲ, ಯಾರಿಗೂ ತಾನಾಗಿ ಗೊತ್ತಾಗುವುದಿಲ್ಲ. ನನಗೆ ಗೊತ್ತಾಗಬೇಕಿತ್ತು. ನಾನು ಲೆಕ್ಕ ಹಾಕಲಿಲ್ಲ.

ಮೊದಲ ಕನ್ನಡಕ

ಪ್ರೊಗ್ರೆಸಿವ್ ಬರೆದುಕೊಟ್ಟೆ. ದೂರದ ನಂಬರ್ ಪೂರ್ತಿ, ಓದಲು ಪ್ಲಸ್ 2.00 ಹೆಚ್ಚುವರಿ. ಮೇಲಿನಿಂದ ಕೆಳಕ್ಕೆ ಪವರ್ ಗೆರೆಯಿಲ್ಲದೆ ನಿಧಾನವಾಗಿ ಏರುವ ಗಾಜು ಇದು. 1959ರಲ್ಲಿ ಫ್ರಾನ್ಸಿನ ಬರ್ನಾರ್ಡ್ ಮೆಟ್ನಾ ಅವರ ವಿನ್ಯಾಸ ವ್ಯಾರಿಲಕ್ಸ್ ಹೆಸರಿನಲ್ಲಿ ಮಾರುಕಟ್ಟೆಗೆ ಬಂದಾಗಿನಿಂದ ಬಹಳ ಸುಧಾರಿಸಿದೆ, ಆದರೂ ಒಂದು ಮಿತಿಯನ್ನು ದಾಟಲು ಯಾರಿಂದಲೂ ಆಗಿಲ್ಲ. ಗಾಜಿನ ನಡುಗೆರೆಯಲ್ಲಿ ಪವರ್ ಎಷ್ಟು ಬೇಗ ಏರುತ್ತದೋ, ಪಕ್ಕಗಳಲ್ಲಿ ಬೇಡದ ಅಸ್ಟಿಗ್ಮಾಟಿಸಂ (ಒಂದು ದಿಕ್ಕಿಗೆ ಎಳೆದಂಥ ಮಸುಕು) ಅದರ ಎರಡರಷ್ಟು ಬೇಗ ಬೆಳೆಯುತ್ತದೆ. 1963ರಲ್ಲಿ ಮಿಂಕ್‌ವಿಟ್ಜ್ ಗಣಿತದಿಂದ ತೋರಿಸಿದ ಸಂಗತಿ ಇದು. ಪಕ್ಕದ ಮಸುಕು ಇಲ್ಲದ ಪ್ರೊಗ್ರೆಸಿವ್ ಇಲ್ಲ. ಎಲ್ಲಿ ಎಷ್ಟು ಮಸುಕು ಇರಬೇಕೆಂಬ ಆಯ್ಕೆ ಮಾತ್ರ ನಮ್ಮದು.

ಅದಕ್ಕೇ ಕೊಡುವಾಗ ಎಲ್ಲರಿಗೂ ಹೇಳುವುದನ್ನು ಅವರಿಗೂ ಹೇಳಿದೆ. ನೋಡಬೇಕಾದ ಕಡೆ ಕಣ್ಣಷ್ಟೇ ಅಲ್ಲ, ಮೂಗನ್ನೂ ತಿರುಗಿಸಿ. ಮೊದಲ ಕೆಲವು ದಿನ ನೆಲ ತೂಗಿದಂತೆ ಅನಿಸಬಹುದು. ಮೆಟ್ಟಿಲಿಳಿಯುವಾಗ ಗಲ್ಲ ಎದೆಗೆ ತನ್ನಿ.

ಮೊದಲ ವಾರವೇ ಅವರು ಕಡೆಯ ಮೆಟ್ಟಿಲು ತಪ್ಪಿದರು. ಪುಣ್ಯಕ್ಕೆ ಕಟಕಟೆ ಕೈಗೆ ಸಿಕ್ಕಿತು. ಗಾಜಿನ ಕೆಳಭಾಗ ಇರುವುದು ಕೈಯಲ್ಲಿನ ಪುಟಕ್ಕೆ. ಪಾದದ ಬಳಿಯ ಮೆಟ್ಟಿಲು ಅದರ ಮೂರು ನಾಲ್ಕು ಪಟ್ಟು ದೂರದಲ್ಲಿರುತ್ತದೆ, ಅಂಚು ಕರಗಿ ಹೋಗುತ್ತದೆ.

ಎರಡನೆಯ ವಾರ ಆ ಫೋನ್ ಬಂತು. ಒತ್ತು ಎಂದರೆ ಮಸುಕು ಎಂದು ನಾನು ಅರ್ಥ ಮಾಡಿಕೊಂಡೆ. ಪಕ್ಕದ ಮಸುಕಿಗೆ ರೂಢಿಯೇ ಮದ್ದು, ಕಾಯಿರಿ ಎಂದೆ.

ಅವರು ನಿಷ್ಠೆಯಿಂದ ಕಾದರು. ಬೆಳಿಗ್ಗೆ ಎದ್ದು ಹಾಕಿಕೊಂಡರೆ ರಾತ್ರಿ ಮಲಗುವಾಗಲೇ ತೆಗೆಯುವುದು. ನಾಲ್ಕು ವಾರ ತುಂಬಿದಾಗ ನೇರ ಬಂದು ಕೂತರು, ಕೈಯಲ್ಲೊಂದು ಪ್ರೂಫ್ ಹಾಳೆ. "ಎದ್ದು" ಎಂದಿರಬೇಕಾದ ಕಡೆ "ಎದು" ಎಂದು ಅಚ್ಚಾಗಿತ್ತು. ಅವರ ಕಣ್ಣು ಅದನ್ನು ದಾಟಿ ಹೋಗಿತ್ತು. ಎಷ್ಟೋ ವರ್ಷಗಳಲ್ಲಿ ಇಂಥ ತಪ್ಪು ತಮ್ಮ ಕೈಯಿಂದ ಜಾರಿರಲಿಲ್ಲ ಎಂದು ಹೇಳುವಾಗ ಅವರ ದನಿ ಒಡೆಯಿತು. ಕಣ್ಣಿನ ತೊಂದರೆ ಎಂದು ನಾನು ನೋಡುತ್ತಿದ್ದದ್ದು ಅವರಿಗೆ ಕಸುಬಿನ ಮಾನದ ಪ್ರಶ್ನೆಯಾಗಿತ್ತು.

ತಿರುವು

ಅದೇ ಹಾಳೆಯನ್ನು ಅವರ ಕೈಗೆ ಕೊಟ್ಟು, ಈಗ ಏನು ಕಾಣುತ್ತದೆ ಎಂದು ಪೆನ್ಸಿಲಿನಲ್ಲಿ ಬರೆದು ತೋರಿಸಿ ಎಂದೆ. ಅವರು "ಕದ" ಎಂದು ಬರೆದರು. ಆಮೇಲೆ "ದ" ಅಕ್ಷರದ ಬುಡದಲ್ಲಿ, ತೆಳುವಾಗಿ, ಇನ್ನೊಂದು "ದ". "ನೋಡಿ, ಕದ ಅನ್ನೋದು ಕದ್ದ ಆಗಿಬಿಡುತ್ತೆ. ಯಾವುದಕ್ಕೆ ನಿಜವಾಗಿ ಒತ್ತಿದೆ, ಯಾವುದಕ್ಕಿಲ್ಲ ಅಂತ ಪ್ರತಿ ಅಕ್ಷರದ ಬುಡದಲ್ಲೂ ನಿಂತು ನೋಡಬೇಕು. ಸಂಜೆ ಹೊತ್ತಿಗೆ ನೋಡೋಕೇ ಆಗಲ್ಲ."

ಮಸುಕಾದ ಅಕ್ಷರ ಎಲ್ಲ ದಿಕ್ಕಿಗೂ ಹರಡುತ್ತದೆ, ಇಲ್ಲವೇ ಒಂದು ಕಡೆಗೆ ಎಳೆದಂತಿರುತ್ತದೆ. ಹೀಗೆ ತನ್ನದೇ ಪ್ರತಿಯನ್ನು ಕೆಳಗೆ ಬಿಡುವುದಿಲ್ಲ. ಬಲಗಣ್ಣು ಮುಚ್ಚಿ ಎಂದೆ. ಕೆಳಗಿನ "ದ" ಹೋಯಿತು. ಎಡಗಣ್ಣು ಮುಚ್ಚಿ ಎಂದೆ. ಮೇಲಿನದು ಹೋಯಿತು. ಎರಡೂ ಕಣ್ಣು ಬೇರೆ ಬೇರೆಯಾಗಿ ಸ್ಪಷ್ಟವಾಗಿಯೇ ಓದುತ್ತಿದ್ದವು. ಎರಡರ ಬಿಂಬ ಮೇಲೆ ಕೆಳಗೆ ಬೀಳುತ್ತಿದ್ದವು, ಅಷ್ಟೇ.

ಕಾರಣ ಆ 1.75. ಕನ್ನಡಕದ ಗಾಜಿನ ಕೇಂದ್ರ ಬಿಟ್ಟು ಬೇರೆ ಕಡೆಯಿಂದ ನೋಡಿದರೆ ಗಾಜು ಪ್ರಿಸಂನಂತೆ, ಎಂದರೆ ಬೆಣೆಯಾಕಾರದ ಗಾಜಿನಂತೆ, ಬೆಳಕನ್ನು ಬಾಗಿಸುತ್ತದೆ. ಎಷ್ಟು ಎಂಬುದಕ್ಕೆ ಪ್ರೆಂಟಿಸ್ ನಿಯಮವೆಂಬ ಸರಳ ಲೆಕ್ಕವಿದೆ: ಕೇಂದ್ರದಿಂದ ಎಷ್ಟು ಸೆಂಟಿಮೀಟರ್ ದೂರವೋ ಅದನ್ನು ಪವರ್‌ನಿಂದ ಗುಣಿಸಬೇಕು. ಎರಡು ಗಾಜಿನ ಪವರ್ ಒಂದೇ ಆಗಿದ್ದರೆ ಎರಡೂ ಬಿಂಬ ಒಟ್ಟಿಗೇ ಸರಿಯುತ್ತವೆ, ತೊಂದರೆಯಿಲ್ಲ. ಇಲ್ಲಿ ಪವರ್ ಬೇರೆ. ಒಂದು ಸೆಂಟಿಮೀಟರ್ ಕೆಳಗಿನಿಂದ ಓದಿದರೆ 1.75 ಪ್ರಿಸಂ ಡಯಾಪ್ಟರ್ ಅಂತರ, ಎಂದರೆ ಒಂದು ಮೀಟರ್ ದೂರದಲ್ಲಿ 1.75 ಸೆಂಟಿಮೀಟರ್. 40 ಸೆಂಟಿಮೀಟರ್ ದೂರದ ಪುಟದ ಮೇಲೆ ಅದು 7 ಮಿಲಿಮೀಟರ್, ಹೆಚ್ಚುಕಡಿಮೆ ಒಂದು ಸಾಲಿನಷ್ಟು. ಅಕ್ಕಪಕ್ಕದ ಅಂತರವನ್ನು ಕಣ್ಣುಗಳು ಸುಲಭವಾಗಿ ಸರಿದೂಗಿಸಿಕೊಳ್ಳುತ್ತವೆ. ಮೇಲೆ ಕೆಳಗಿನದಕ್ಕೆ ಅವುಗಳ ಶಕ್ತಿ ಬಹಳ ಕಡಿಮೆ. ಇವರ ಕಣ್ಣು ಹೆಣಗಾಡಿ ಬಹುಪಾಲು ಕೂಡಿಸಿಕೊಳ್ಳುತ್ತಿತ್ತು. ಕೂಡಿಸಲಾಗದೆ ಉಳಿದದ್ದು ಒತ್ತಕ್ಷರವಾಗಿ ಅಕ್ಷರದ ಬುಡಕ್ಕೆ ಬಂದು ಕೂತಿತ್ತು.

ಎಡಗಣ್ಣಿನ ಮುಂದೆ, ದಪ್ಪ ಅಂಚು ಮೇಲೆ ಬರುವಂತೆ 1.5ರ ಪ್ರಿಸಂ ಹಿಡಿದೆ. "ಹೋಯ್ತು," ಅಂದರು. ಆಮೇಲೆ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ, ಓದುತ್ತಾ ಹೋದರು.

ಹಳೆಯ ದೂರದ ಕನ್ನಡಕದಲ್ಲೂ ಇದೇ ವ್ಯತ್ಯಾಸವಿತ್ತು, ಅದೇಕೆ ಕಾಡಲಿಲ್ಲ? ಆ ಕನ್ನಡಕದಲ್ಲಿ ಕೆಳಗೆ ನೋಡಬೇಕಾದಾಗ ಅವರು ತಲೆಯನ್ನೇ ಬಗ್ಗಿಸುತ್ತಿದ್ದರು, ಕಣ್ಣು ಗಾಜಿನ ನಡುವಿನಲ್ಲೇ ಇರುತ್ತಿತ್ತು. ಓದುವಾಗಲಂತೂ ಕನ್ನಡಕವೇ ಇಲ್ಲ. ಪ್ರೊಗ್ರೆಸಿವ್‌ನಲ್ಲಿ ಓದುವ ಪವರ್ ಇರುವುದೇ ಕೆಳಗೆ, ತಲೆ ಬಗ್ಗಿಸಿ ತಪ್ಪಿಸಿಕೊಳ್ಳುವಂತಿಲ್ಲ. ಈ ತೊಂದರೆ ಎಷ್ಟು ವಾರ ಕಾದರೂ ಹೋಗುವುದೆಂದು ಭರವಸೆ ಕೊಡುವಂಥದ್ದಲ್ಲ. ಕೆಲವರ ಕಣ್ಣು ಒಗ್ಗಿಕೊಳ್ಳುತ್ತದೆ, ಆದರೆ ನಾಲ್ಕು ವಾರ ನಿಷ್ಠೆಯಿಂದ ಹಾಕಿದವರಿಗೆ ಇನ್ನೂ ಕಾಯಿರಿ ಎನ್ನುವುದು ಅನ್ಯಾಯ.

ಏನೇನು ನೋಡಿದೆವು

ಮೊದಲು ಫ್ರೇಮ್. ಗಾಜಿನ ಮೇಲೆ ಬರಿಗಣ್ಣಿಗೆ ಕಾಣದ ಎರಡು ಕೆತ್ತನೆ ಗುರುತುಗಳಿರುತ್ತವೆ, 34 ಮಿಲಿಮೀಟರ್ ಅಂತರದಲ್ಲಿ. ಬೆಳಕಿಗೆ ಹಿಡಿದು ಅವನ್ನು ಹುಡುಕಿ ಪೆನ್ನಿನಿಂದ ಗುರುತು ಮಾಡಿದರೆ ಗಾಜು ಪಾಪೆಯ ಎದುರು ಸರಿಯಾಗಿ ಕೂತಿದೆಯೇ ಎಂದು ತಿಳಿಯುತ್ತದೆ. ಇವರದು ಮೂಗಿನ ಮೇಲೆ ಎರಡು ಮಿಲಿಮೀಟರ್ ಜಾರಿತ್ತು. ಪ್ಯಾಡ್ ಬಿಗಿ ಮಾಡಿದೆ. ಪರದೆ ನೋಡಲು ಗಲ್ಲ ಎತ್ತುವುದು ಸ್ವಲ್ಪ ತಗ್ಗಿತು, ಒತ್ತು ಹೋಗಲಿಲ್ಲ.

ಕಾಂಟ್ಯಾಕ್ಟ್ ಲೆನ್ಸ್ ಕಣ್ಣಿನ ಜೊತೆಗೇ ಚಲಿಸುವುದರಿಂದ ಈ ಪ್ರಿಸಂ ಕಾಟ ಅದರಲ್ಲಿಲ್ಲ. ಒಂದು ವಾರ ಹಾಕಿ ನೋಡಿದರು. ಪರದೆ ನೋಡುತ್ತಾ ರೆಪ್ಪೆ ಬಡಿಯುವುದು ಕಡಿಮೆಯಾಗಿ ಮಧ್ಯಾಹ್ನಕ್ಕೇ ಕಣ್ಣು ಒಣಗಿ ಉರಿಯುತ್ತಿತ್ತು. ಬೇಡ ಎಂದರು.

ಸ್ಲ್ಯಾಬ್ ಆಫ್ ಎಂಬ ದಾರಿ ಇತ್ತು. ಎಡ ಗಾಜಿನ ಕೆಳಭಾಗವನ್ನಷ್ಟೇ ಬೇರೆ ಕೋನದಲ್ಲಿ ಉಜ್ಜಿ, ನಾನು ಕೈಯಲ್ಲಿ ಹಿಡಿದ ಪ್ರಿಸಂ ಅನ್ನು ಗಾಜಿನಲ್ಲೇ ತರುವುದು. ಗಾಜಿಗೆ ಅಡ್ಡಲಾಗಿ ತೆಳು ಗೆರೆ ಕಾಣುತ್ತದೆ. ಇದನ್ನೇ ಮಾಡಿಸೋಣ ಎಂದು ಹೆಚ್ಚುಕಡಿಮೆ ನಿರ್ಧರಿಸಿದ್ದೆ.

ಅಷ್ಟರಲ್ಲಿ, ಅಳತೆ ಖಚಿತವಾಗಿರಲೆಂದು, ಕೆಲಸದ ಜಾಗದಲ್ಲಿ ಕಣ್ಣಿನಿಂದ ಯಾವುದು ಎಷ್ಟು ದೂರ ಎಂದು ಅಳೆದು ತನ್ನಿ ಎಂದಿದ್ದೆ. ಅವರು ತಂದದ್ದು ಒಂದು ದಾರ. ಮೂರು ಗಂಟು ಹಾಕಿದ್ದರು. ಮೂಗಿನ ಬುಡದಲ್ಲಿ ಒಂದು ತುದಿ ಹಿಡಿದರೆ ಮೊದಲ ಗಂಟು ಮಲಗಿ ಓದುವ ಪುಸ್ತಕಕ್ಕೆ, ಎರಡನೆಯದು ಮೇಜಿನ ಹಾಳೆಗೆ, ಮೂರನೆಯದು ಪರದೆಗೆ. ಸ್ಕೇಲಿನ ಮೇಲಿಟ್ಟೆ: 33, 42, 66.

ಆ ಮೊದಲ ಗಂಟು ನೋಡಿದಾಗ ನಾನು ಮಾಡದೆ ಬಿಟ್ಟ ಲೆಕ್ಕ ಕಣ್ಣೆದುರಿಗೇ ಬಂದು ನಿಂತಿತು. 33 ಎಂದರೆ ಎಡಗಣ್ಣಿನ ಮೈನಸ್ 3.00, ಬೇರೇನೂ ಅಲ್ಲ. "ಮಲಗಿ ಓದುವಾಗ ಕನ್ನಡಕ ಇರುತ್ತಾ?" ಎಂದು ಕೇಳಿದೆ. "ಇಲ್ಲ, ಆಗ ಮಾತ್ರ ತೆಗೆದುಬಿಡ್ತೀನಿ. ದಿನಕ್ಕೆ ಅದೊಂದೇ ಸುಖ," ಅಂದರು.

ನಿರ್ಧಾರ

ಎಲ್ಲದಕ್ಕೂ ಒಂದೇ ಕನ್ನಡಕ ಎಂಬ ಬೇಡಿಕೆಯನ್ನು ಇಬ್ಬರೂ ಕೂತು ಬಿಚ್ಚಿ ನೋಡಿದೆವು. ದಿನದಲ್ಲಿ ಏಳೆಂಟು ಗಂಟೆ ಅವರು ನೋಡುವುದು ಎರಡನೆಯ ಮತ್ತು ಮೂರನೆಯ ಗಂಟನ್ನು ಮಾತ್ರ. ದೂರದ್ದು ಬೇಕಾಗುವುದು ಓಡಾಡುವಾಗ, ಸಭೆಯಲ್ಲಿ. ಎರಡನ್ನೂ ಒಂದೇ ಗಾಜಿಗೆ ತುರುಕಿದ್ದರಿಂದ ಅತಿ ಹೆಚ್ಚು ಬೇಕಾದ ಭಾಗ ಗಾಜಿನ ಅತಿ ಕೆಳಗೆ, ಅತಿ ಕಿರಿದಾದ ಜಾಗದಲ್ಲಿ ಸಿಕ್ಕಿಹಾಕಿಕೊಂಡಿತ್ತು.

66 ಸೆಂಟಿಮೀಟರ್‌ಗೆ 1.50 ಪವರ್ ಸಾಕು. ಹಾಳೆಯನ್ನು ಮೇಜಿನ ಮೇಲೆ ಮಲಗಿಸುವ ಬದಲು ಪರದೆಯ ಪಕ್ಕದಲ್ಲಿ ಓರೆ ಸ್ಟ್ಯಾಂಡಿನ ಮೇಲೆ, 50 ಸೆಂಟಿಮೀಟರ್ ದೂರದಲ್ಲಿ ನಿಲ್ಲಿಸಿದರೆ? ಅದಕ್ಕೆ ಬೇಕಾದದ್ದು 2.00. ನಡುವಿನ ಅರ್ಧ ಡಯಾಪ್ಟರ್ ಕೊಡುವಷ್ಟು ಶಕ್ತಿ ಅವರ ಕಣ್ಣಲ್ಲಿ ಇನ್ನೂ ಇತ್ತು, ಅಳೆದು ನೋಡಿದೆ. ಹಾಗಾದರೆ ಪ್ರೊಗ್ರೆಸಿವ್ ಬೇಡ, ಬೈಫೋಕಲ್ ಬೇಡ, ಪ್ರಿಸಂ ಬೇಡ. ಬಲಕ್ಕೆ ಪ್ಲಸ್ 0.25, ಎಡಕ್ಕೆ ಮೈನಸ್ 1.50, ಉದ್ದಕ್ಕೂ ಒಂದೇ ಪವರಿನ ಸಾಮಾನ್ಯ ಗಾಜು. ಹಾಳೆ, ಪರದೆ ಎರಡೂ ಒಂದೇ ಎತ್ತರದಲ್ಲಿರುವುದರಿಂದ ಕಣ್ಣು ಗಾಜಿನ ನಡುವಿನಲ್ಲೇ ಎಡಬಲಕ್ಕೆ ಓಡಾಡುತ್ತದೆ. ಕೆಳಗೆ ಇಳಿಯುವುದೇ ಇಲ್ಲವೆಂದಾದರೆ ಮೇಲೆ ಕೆಳಗಿನ ಅಂತರವೂ ಹುಟ್ಟುವುದಿಲ್ಲ.

ಗಾಜು ತರಿಸುವ ಮೊದಲು ಟ್ರಯಲ್ ಫ್ರೇಮಿನಲ್ಲಿ ಈ ನಂಬರ್ ಹಾಕಿ, ಅವರದೇ ಪ್ರೂಫ್ ಕೊಟ್ಟು ನಲವತ್ತು ನಿಮಿಷ ಕೂರಿಸಿದೆ. ಐದು ನಿಮಿಷದ ಪರೀಕ್ಷೆಯಲ್ಲಿ ಎಲ್ಲ ಗಾಜೂ ಚೆನ್ನಾಗಿಯೇ ಇರುತ್ತದೆ, ದಣಿವು ತೋರಲು ಹೊತ್ತು ಬೇಕು. ಕಬ್ಬಿಣದ ಆ ಭಾರದ ಫ್ರೇಮನ್ನು ಒಂದು ಕೈಯಲ್ಲಿ ಹಿಡಿದುಕೊಂಡೇ ಅವರು ಕೆಲಸ ಮಾಡಿದರು. "ಅಡ್ಡಿ" ಇರಬೇಕಾದಲ್ಲಿ "ಅಡಿ" ಎಂದಿದ್ದುದನ್ನು ಹಿಡಿದು, ಸುತ್ತಿ, ನನಗೆ ತೋರಿಸಿದರು.

ಪ್ರೊಗ್ರೆಸಿವ್ ಅನ್ನು ಬಿಸಾಡಲಿಲ್ಲ, ಬದಲಿಸಿದೆವು. ದೂರದಿಂದ ಹತ್ತಿರಕ್ಕೆ ಇಳಿಯುವ ದಾರಿ ಮೊದಲಿನದರಲ್ಲಿ 14 ಮಿಲಿಮೀಟರ್ ಇತ್ತು, 11ರದ್ದು ಹಾಕಿಸಿದೆ. ಮೂರು ಮಿಲಿಮೀಟರ್ ಮೇಲೆ ಬಂದದ್ದಕ್ಕೆ ಅರ್ಧ ಪ್ರಿಸಂ ಡಯಾಪ್ಟರ್ ಕಡಿಮೆಯಾಯಿತು. ದಾರಿ ಗಿಡ್ಡವಾದರೆ ನಡುವಿನ ದೂರದ ಜಾಗ ಇನ್ನೂ ಕಿರಿದಾಗುತ್ತದೆ. ಪರದೆಗೆ ಬೇರೆ ಕನ್ನಡಕ ಇರುವುದರಿಂದ ಅದು ಬಾಧಿಸಲಿಲ್ಲ. ಸಭೆಯಲ್ಲಿ ಮುಖ ನೋಡಿ ನಾಲ್ಕು ಸಾಲು ಓದಲು, ಫೋನ್ ನೋಡಲು ಅದು ಸಾಕಾಯಿತು.

ಹಳೆಯ ದೂರದ ಕನ್ನಡಕವನ್ನೂ ಬಳಕೆಯಲ್ಲಿ ಉಳಿಸಿಕೊಳ್ಳಿ ಎಂದೆ, ನಡಿಗೆಗೆ, ಗೊತ್ತಿಲ್ಲದ ಜಾಗದ ಮೆಟ್ಟಿಲಿಗೆ. ಇದು ಬರೀ ನನ್ನ ಅನಿಸಿಕೆಯಲ್ಲ. ಬೈಫೋಕಲ್, ಪ್ರೊಗ್ರೆಸಿವ್ ಹಾಕುವ ವಯಸ್ಸಾದವರಿಗೆ ಹೊರಗಿನ ಓಡಾಟಕ್ಕೆಂದು ಬರೀ ದೂರದ ಕನ್ನಡಕ ಕೊಟ್ಟು ನೋಡಿದ ಆಸ್ಟ್ರೇಲಿಯಾದ ಅಧ್ಯಯನ 2010ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದಿದೆ. ಹೊರಗೆ ಚೆನ್ನಾಗಿ ಓಡಾಡುವವರು ಬೀಳುವುದು ಸುಮಾರು ಶೇ. 40ರಷ್ಟು ಕಡಿಮೆಯಾಯಿತು. ಹೊರಗೆ ಹೋಗುವುದೇ ಅಪರೂಪವಾದವರಲ್ಲಿ ಮಾತ್ರ ಹೊರಗೆ ಬೀಳುವುದು ಹೆಚ್ಚಾಯಿತು. ಅಂದರೆ ಈ ಸಲಹೆಯನ್ನೂ ಎಲ್ಲರಿಗೂ ಒಂದೇ ಸಮ ಹಂಚುವಂತಿಲ್ಲ. ಇವರು ದಿನಾ ನಡೆಯುವವರು, ಒಪ್ಪಿತು.

ಮಲಗಿ ಓದುವಾಗ ಏನು ಹಾಕಿಕೊಳ್ಳಲಿ ಎಂದು ಕೇಳಿದರು. ಏನೂ ಬೇಡ ಎಂದೆ.

ಈ ಪ್ರಕರಣದ ನಂತರ ನನ್ನ ಕೆಲಸದಲ್ಲಿ ಬದಲಾದದ್ದು

ಕನ್ನಡಕ ತೆಗೆದು ಓದುವವರು ಬಂದರೆ ಯಾವ ಕಣ್ಣಿನಿಂದ ಓದುತ್ತಿದ್ದಾರೆ ಎಂದು ಮೊದಲು ನೋಡುತ್ತೇನೆ. ಎರಡು ಕಣ್ಣಿನ ವ್ಯತ್ಯಾಸ ಒಂದೂವರೆ ದಾಟಿದ್ದರೆ ಪ್ರೊಗ್ರೆಸಿವ್ ಬರೆಯುವ ಮುಂಚೆಯೇ ಕೆಳಗಿನ ನೋಟದ ಪ್ರಿಸಂ ಲೆಕ್ಕ ಹಾಕಿ ಅವರಿಗೆ ಹೇಳುತ್ತೇನೆ. ಮತ್ತೆ, ರೂಢಿಯಾಗುತ್ತದೆ ಎಂಬ ಮಾತನ್ನು ಬಿಟ್ಟಿಲ್ಲ, ಬಹಳ ಸಲ ಅದು ನಿಜವೇ. ನೆಲ ತೂಗುವುದು, ಪಕ್ಕ ನೋಡಿದಾಗ ಬಾಗಿಲ ಚೌಕಟ್ಟು ಬಾಗುವುದು, ಇವು ಎರಡು ವಾರದಲ್ಲಿ ಸಾಮಾನ್ಯವಾಗಿ ತಗ್ಗುತ್ತವೆ. ಆದರೆ ಆ ಮಾತು ಹೇಳುವ ಮುಂಚೆ ಎರಡು ಕೆಲಸ ಮಾಡುತ್ತೇನೆ: ಒಂದು ಕಣ್ಣು ಮುಚ್ಚಿದರೆ ತೊಂದರೆ ಹೋಗುತ್ತದೆಯೇ ಎಂದು ಕೇಳುತ್ತೇನೆ, ಕಂಡದ್ದನ್ನು ಬರೆದು ತೋರಿಸಿ ಎನ್ನುತ್ತೇನೆ. ಮೊದಲನೆಯದನ್ನು ಫೋನಿನಲ್ಲೇ ಕೇಳಬಹುದು. ಹನ್ನೊಂದನೇ ದಿನವೇ ಕೇಳಬಹುದಾಗಿತ್ತು.

ಮೂರು ವರ್ಷದ ನಂತರ

57ಕ್ಕೆ ಬಂದರು. "ಒತ್ತು ಮತ್ತೆ ಬಂದಿದೆ." ಈಗ ಪ್ರೊಗ್ರೆಸಿವ್‌ನಲ್ಲಷ್ಟೇ ಅಲ್ಲ, ಮೇಜಿನ ಕನ್ನಡಕದಲ್ಲೂ ಎಡಗಣ್ಣು ಮಂಜಾಗಿತ್ತು. ಎಡಗಣ್ಣಿನ ನಂಬರ್ ಮೈನಸ್ 4.25ಕ್ಕೆ ಏರಿತ್ತು, ಬಲಗಣ್ಣು ಅಲ್ಲೇ ಇತ್ತು. ಮಲಗಿ ಓದುವ ಪುಸ್ತಕ ಇನ್ನೂ ಹತ್ತಿರ ಬಂದಿತ್ತು, 24 ಸೆಂಟಿಮೀಟರ್‌ಗೆ.

ಹೊಸ ನಂಬರ್ ಹಾಕಿ ಕಳಿಸುವುದು ಸುಲಭವಿತ್ತು. ಈ ವಯಸ್ಸಿನಲ್ಲಿ ಒಂದೇ ಕಣ್ಣು ಮೈನಸ್ ಕಡೆಗೆ ಓಡಿದರೆ ಗಾಜು ಬದಲಿಸುವ ಮುಂಚೆ ಕಾರಣ ಹುಡುಕಬೇಕು. ಕಣ್ಣನ್ನು ದೊಡ್ಡದಾಗಿ ತೋರಿಸುವ ಸ್ಲಿಟ್ ಲ್ಯಾಂಪಿನಲ್ಲಿ ನೋಡಿದರೆ ಎಡಗಣ್ಣಿನ ಮಸೂರದ ತಿರುಳು ಹಳದಿಗಟ್ಟಿತ್ತು. ತಿರುಳಿನ ಪೊರೆ ಹೀಗೆಯೇ ನಂಬರನ್ನು ಮೈನಸ್ ಕಡೆಗೆ ಎಳೆಯುತ್ತದೆ. ಸಕ್ಕರೆ ಕಾಯಿಲೆ ಏರಿಳಿದಾಗಲೂ ನಂಬರ್ ಓಡಾಡುವುದುಂಟು, ಸಾಮಾನ್ಯವಾಗಿ ಎರಡೂ ಕಣ್ಣಲ್ಲಿ. ಅದನ್ನೂ ಪರೀಕ್ಷಿಸಿಕೊಳ್ಳಲು ಹೇಳಿದೆ, ಸರಿಯಾಗಿತ್ತು.

ಕಣ್ಣಿನ ವೈದ್ಯರ ಬಳಿ ಕಳಿಸುವಾಗ ಪತ್ರದಲ್ಲಿ ನಂಬರುಗಳ ಜೊತೆಗೆ ದಾರದ ಮೂರು ಅಳತೆಯನ್ನೂ, ಒತ್ತಕ್ಷರದ ಕತೆಯನ್ನೂ ಬರೆದೆ. ಪೊರೆ ತೆಗೆದು ಒಳಗಿಡುವ ಮಸೂರಕ್ಕೆ ಯಾವ ಪವರ್ ಎಂಬುದು ಆ ಕಣ್ಣು ಇನ್ನು ಮುಂದೆ ಬರಿಗಣ್ಣಿನಿಂದ ಎಷ್ಟು ದೂರ ನೋಡಬೇಕು ಎಂಬ ನಿರ್ಧಾರವೂ ಹೌದು. ದೂರಕ್ಕೆ ಪೂರ್ತಿ ಸರಿ ಮಾಡಿದ್ದರೆ ಅವರು ಇಷ್ಟು ವರ್ಷ ಇದ್ದ ಓದುವ ಕಣ್ಣನ್ನೇ ಕಳೆದುಕೊಳ್ಳುತ್ತಿದ್ದರು. ಮೊದಲಿನ ಮೈನಸ್ 3.00ಕ್ಕೇ ಬಿಟ್ಟರೆ ಕನ್ನಡಕದಲ್ಲಿ ಒತ್ತು ಹಾಗೇ ಉಳಿಯುತ್ತಿತ್ತು. ವೈದ್ಯರು ಅವರ ಜೊತೆ ಕೂತು ಮಾತಾಡಿ ಮೈನಸ್ 2.00 ಗುರಿಯಿಟ್ಟರು. ಶಸ್ತ್ರಚಿಕಿತ್ಸೆಯ ನಂತರ ಒಂದು ತಿಂಗಳು ಕಾದು, ನಂಬರ್ ನಿಂತ ಮೇಲೆ ನೋಡಿದಾಗ ಹೆಚ್ಚುಕಡಿಮೆ ಅಲ್ಲೇ ಬಂದಿತ್ತು. ಎರಡು ಕಣ್ಣಿನ ಅಂತರ ಈಗ 0.75. ಮೇಜಿನ ಕನ್ನಡಕದ ಎಡ ಗಾಜು ಮೈನಸ್ 0.50 ಆಯಿತು. ಸ್ಟ್ಯಾಂಡ್ ಅಲ್ಲೇ ಇದೆ. ಒಳಗಿಟ್ಟ ಮಸೂರ ಉಬ್ಬುವುದಿಲ್ಲವಾದ್ದರಿಂದ ಎಡಗಣ್ಣು ಈಗ ದೂರ ಬದಲಿಸಿ ನೋಡಲಾರದು, ಹಾಳೆ ಮತ್ತು ಪರದೆಯ ನಡುವಿನ ಅರ್ಧ ಡಯಾಪ್ಟರ್ ಅದಕ್ಕೆ ಸ್ವಲ್ಪ ಮಸುಕಾಗಿ ಕಾಣುತ್ತದೆ. ಹಾಳೆಯನ್ನು ಒಂದು ಗೇಣು ಹಿಂದಕ್ಕೆ ಸರಿಸಿಕೊಂಡು, ಅಕ್ಷರದ ಗಾತ್ರ ಒಂದು ಹಂತ ಹೆಚ್ಚಿಸಿ ಅಚ್ಚು ತೆಗೆಸಿಕೊಳ್ಳುತ್ತಾರೆ.

ಮಲಗಿ ಓದುವ ಪುಸ್ತಕ ಈಗ 50 ಸೆಂಟಿಮೀಟರ್‌ನಲ್ಲಿ ಹಿಡಿಯಬೇಕು. ಕೈ ನೋಯುತ್ತದೆ ಎನ್ನುತ್ತಾರೆ, ದಿಂಬಿನ ಮೇಲೆ ಆನಿಸಿಕೊಳ್ಳುತ್ತಾರೆ. ಬಲಗಣ್ಣಿನಲ್ಲೂ ಪೊರೆ ಸಣ್ಣಗೆ ಶುರುವಾಗಿದೆ. ಅದಕ್ಕೆ ಯಾವ ದೂರ ಗುರಿಯಿಡಬೇಕೆಂದು ಇನ್ನೂ ತೀರ್ಮಾನಿಸಿಲ್ಲ. ಮುಂದಿನ ಸಲ ಬರುವಾಗ ಹೊಸದಾಗಿ ಗಂಟು ಹಾಕಿದ ದಾರ ತರುತ್ತೇನೆ ಎಂದಿದ್ದಾರೆ.